ಗುಡ್ಡ ಬಾಗಿದ ಬಗೆ

ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸಿಕ್ಕವರಿಗೆ ಕಪ್ಪತಗುಡ್ಡ ಬಹಳ ಹೊತ್ತು ಜೊತೆಗೆ ಬರುತ್ತದೆ. ಶಿರಹಟ್ಟಿಯ ಹಾದಿ ಹಿಡಿದರೆ ಅದೇ ಗುಡ್ಡ ಎಡಕ್ಕೆ. ಲಕ್ಷ್ಮೇಶ್ವರದವರಿಗೆ ಅದು ಮೂಡಣದ ಅಂಚು. ಗದಗ-ಬೆಟಗೇರಿಯ ಮಗ್ಗುಲಿನ ಬಿಂಕದಕಟ್ಟಿಯಲ್ಲಿ ತಲೆ ಎತ್ತಿ, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಲ್ಲಿ ಇಳಿಯುವ ಈ ಸಾಲು ಸುಮಾರು 63 ಕಿಲೋಮೀಟರ್ ಉದ್ದವಿದೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇಲ್ಲಿನ ಗಾಳಿ, ಔಷಧಿ ಸಸ್ಯ, ಕಪ್ಪತ ಮಲ್ಲೇಶ್ವರನ ಜಾತ್ರೆ ಎಲ್ಲವೂ ಆ ಮಾತಿನಲ್ಲಿ ಸೇರಿವೆ. ಇಂದು ನಾನು ಬರೆಯಹೊರಟದ್ದು ಅವುಗಳ ಕೆಳಗಿರುವ ಕಲ್ಲಿನ ಬಗ್ಗೆ.

ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ. ಈ ಗುಡ್ಡ ವಾಯವ್ಯದಿಂದ ಆಗ್ನೇಯಕ್ಕೇ ಏಕೆ ಓಡಿದೆ? ಮೂಡಣದಿಂದ ಪಡುವಣಕ್ಕೆ ಏಕೆ ಹಬ್ಬಲಿಲ್ಲ? ಮಳೆ ಗಾಳಿಗಳು ಸವೆಸಿ ಬಿಟ್ಟದ್ದು ಹಾಗೆ ಉಳಿಯಿತು ಎಂದರೆ ಅರ್ಧ ಉತ್ತರವಾಯಿತು. ಸವೆಯದೆ ನಿಂತ ಗಟ್ಟಿ ಪದರಗಳೇ ಆ ದಿಕ್ಕಿಗೆ ನಿಂತಿವೆ, ಅದಕ್ಕೇ ಗುಡ್ಡವೂ ಆ ದಿಕ್ಕಿಗಿದೆ. ಹಾಗಿದ್ದರೆ ಪದರಗಳನ್ನು ಆ ದಿಕ್ಕಿಗೆ ನಿಲ್ಲಿಸಿದ್ದು ಯಾವುದು? ಇವು ಹುಟ್ಟಿದಾಗ ನೀರಿನ ತಳದಲ್ಲಿ ಅಂಗಾತ ಹಾಸಿದ್ದ ಮಣ್ಣು, ಮರಳು, ಕಬ್ಬಿಣದ ಕೆಸರು. ನಡುನಡುವೆ ಕಡಲಡಿಯಲ್ಲಿ ಉಕ್ಕಿದ ಲಾವಾ. ಹಾಸಿದ್ದವು ಇಂದು ಎದ್ದು ನಿಂತಿವೆ, ಮಡಿಚಿಕೊಂಡಿವೆ, ಕೆಲವು ಕಡೆ ಎಳೆದು ನೀಳವಾಗಿವೆ. ಈಶಾನ್ಯ ಮತ್ತು ನೈಋತ್ಯ ದಿಕ್ಕುಗಳಿಂದ ನೆಲವನ್ನು ಒತ್ತಿದ ಬಲವೊಂದು, ಒತ್ತಿನ ದಿಕ್ಕಿಗೆ ಅಡ್ಡಲಾಗಿ ಅವನ್ನು ಹೀಗೆ ನಿಲ್ಲಿಸಿತು. ಇದು ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ನಡೆದ ರೀತಿ ಅತಿ ನಿಧಾನ. ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡದ ಗೆರೆ ಆ ಒತ್ತಿನ ಗುರುತು.

ಕಲ್ಲು ಬಾಗುವುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಅನುಭವದಲ್ಲಿ ಕಲ್ಲು ಒಡೆಯುತ್ತದೆ, ಸೀಳುತ್ತದೆ, ಪುಡಿಯಾಗುತ್ತದೆ, ಬಾಗಿದ್ದು ಕಂಡಿಲ್ಲ. ಮನೆಯ ಬೆಲ್ಲದ ಪೆಂಟಿಯನ್ನು ನೆನಪಿಸಿಕೊಳ್ಳಿ. ಕುಟ್ಟಾಣಿಯಿಂದ ಕುಟ್ಟಿದರೆ ಚೂರುಚೂರಾಗುತ್ತದೆ. ಅದನ್ನೇ ಬೇಸಿಗೆಯಲ್ಲಿ ಒಂದರ ಮೇಲೊಂದು ಹೇರಿ ತಿಂಗಳುಗಟ್ಟಲೆ ಬಿಟ್ಟರೆ ಅಡಿಯ ಪೆಂಟಿ ಒಡೆಯದೆ, ಸದ್ದಿಲ್ಲದೆ ಅಗಲವಾಗಿರುತ್ತದೆ. ವಸ್ತು ಒಂದೇ, ಎರಡು ನಡತೆ. ಯಾವುದು ಹೊರಬರುತ್ತದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಎಷ್ಟು ಬಿಸಿ, ಸುತ್ತಲಿಂದ ಎಷ್ಟು ಒತ್ತಡ, ಎಷ್ಟು ಸಮಯ. ಕಲ್ಲಿಗೂ ಇದೇ ಲೆಕ್ಕ. ನೆಲದಡಿ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಆಳದಲ್ಲಿ, ಸುಮಾರು 300 ಡಿಗ್ರಿಯ ಹೊತ್ತಿಗೆ, ನಾವು ಬೆಣಚುಕಲ್ಲು ಎನ್ನುವ ಕ್ವಾರ್ಟ್ಸ್ ತನ್ನ ಬಿಗುವು ಬಿಟ್ಟು ಹರಿಯತೊಡಗುತ್ತದೆ. ಕರಗುವುದಿಲ್ಲ, ಘನವಾಗಿಯೇ ಇದ್ದು ಹರಿಯುತ್ತದೆ.

ಆ ಹರಿವು ಎಷ್ಟು ನಿಧಾನವೆಂದರೆ ಅಂಕಿ ಹೇಳಿದರೂ ಮನಸ್ಸು ಹಿಡಿಯುವುದಿಲ್ಲ. ಆದರೂ ಹೇಳಬೇಕು. ಬೆಟ್ಟಗಳನ್ನು ಎಬ್ಬಿಸುವ ವಲಯಗಳಲ್ಲಿ ಕಲ್ಲು ಪ್ರತಿ ಸೆಕೆಂಡಿಗೆ ತನ್ನ ಉದ್ದದ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂಬುದು ಭೂವಿಜ್ಞಾನಿಗಳು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಒಂದು ಮೀಟರ್ ಉದ್ದದ ಕಲ್ಲನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ವರ್ಷಕ್ಕೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲು. ಒಂದು ತಲೆಗೂದಲಿನ ದಪ್ಪದಷ್ಟು ಕುಗ್ಗಲು ಇನ್ನೂರು ವರ್ಷಕ್ಕೂ ಹೆಚ್ಚು ಬೇಕು. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಅಂದು ಅಂಥ ಆಳದಲ್ಲಿ ಕುಗ್ಗಲು ತೊಡಗಿದ ಒಂದು ಮೀಟರ್ ಕಲ್ಲು ಇಂದಿಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಕುಗ್ಗಿರುತ್ತಿತ್ತು, ಅಷ್ಟೆ. ಅದೇ ಕಲ್ಲಿಗೆ ಹತ್ತು ಲಕ್ಷ ವರ್ಷ ಕೊಡಿ: ಮೂವತ್ತು ಸೆಂಟಿಮೀಟರ್ ಕುಗ್ಗುತ್ತದೆ, ಮೂರರಲ್ಲೊಂದು ಪಾಲು ಮಾಯ. ಕಪ್ಪತಗುಡ್ಡದ ಕಲ್ಲುಗಳಿಗೆ ಹತ್ತು ಲಕ್ಷ ವರ್ಷ ದೊಡ್ಡ ಮೊತ್ತವೇ ಅಲ್ಲ.

ಇಷ್ಟು ನಿಧಾನದ್ದನ್ನು ಅಭ್ಯಾಸ ಮಾಡುವುದು ಹೇಗೆ? ನನ್ನನ್ನು ಬಹಳ ದಿನದಿಂದ ಸೆಳೆದಿರುವುದು ಈ ಪ್ರಶ್ನೆಯೇ. ಸಂಶೋಧಕನ ಆಯುಷ್ಯವಿಡೀ ಕಾದರೂ ಕಲ್ಲು ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಒಂದು ದಾರಿ, ಕಾಲದ ಕೊರತೆಯನ್ನು ಬಿಸಿಯಿಂದ ತುಂಬುವುದು. ಅಮೆರಿಕದ ಡೇವಿಡ್ ಗ್ರಿಗ್ಸ್ 1939ರಲ್ಲಿ ಕಲ್ಲುಗಳ ಈ ತೆವಳಿಕೆಯ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಮುಂದೆ ಅವರು ರೂಪಿಸಿದ ಯಂತ್ರದಲ್ಲಿ ಬೆರಳಿಗಿಂತ ಸಣ್ಣ ಕಲ್ಲಿನ ತುಂಡನ್ನು ಎಲ್ಲ ಕಡೆಯಿಂದ ಅಮುಕಿ, ನೂರಾರು ಡಿಗ್ರಿಗೆ ಕಾಯಿಸಿ, ಮೆಲ್ಲಗೆ ಒತ್ತುತ್ತಾರೆ. ಆ ಯಂತ್ರಗಳು ಇಂದಿಗೂ ಅವರ ಹೆಸರಿನಲ್ಲೇ ಹಲವು ದೇಶಗಳಲ್ಲಿ ನಡೆಯುತ್ತಿವೆ. ಆದರೆ ಅಲ್ಲಿಯೂ ಪ್ರಯೋಗ ಮುಗಿಯುವುದು ಗಂಟೆಗಳಲ್ಲಿ, ದಿನಗಳಲ್ಲಿ. ನಿಸರ್ಗಕ್ಕಿಂತ ಹತ್ತು ಕೋಟಿ ಪಟ್ಟು ಅವಸರದಲ್ಲಿ ಒತ್ತಿ ಸಿಕ್ಕ ಅಂಕಿಗಳಿಂದ ನಿಸರ್ಗದ ವೇಗಕ್ಕೆ ಲೆಕ್ಕ ಇಳಿಸಬೇಕು. ಅವಸರದ ಪ್ರಯೋಗ ನಿಧಾನದ ಸತ್ಯವನ್ನು ಎಷ್ಟರ ಮಟ್ಟಿಗೆ ಹೇಳೀತು ಎಂಬ ಚರ್ಚೆ ಆ ಶಾಸ್ತ್ರದಲ್ಲಿ ಇನ್ನೂ ಮುಗಿದಿಲ್ಲ.

ಜಪಾನಿನವರು ಬೇರೆ ದಾರಿ ಹಿಡಿದರು, ಅದು ನನಗೆ ಹೆಚ್ಚು ಪ್ರಿಯ. ಕ್ಯೋಟೋ ವಿಶ್ವವಿದ್ಯಾಲಯದ ಕುಮಗಾಯಿ ಮತ್ತು ಇತೋ ಎಂಬ ಸಂಶೋಧಕರು 1957ರಲ್ಲಿ ಎರಡು ಮೀಟರಿಗೂ ಉದ್ದದ ಗ್ರಾನೈಟ್ ತೊಲೆಗಳನ್ನು ಎರಡು ಆಧಾರಗಳ ಮೇಲೆ ಮಲಗಿಸಿದರು. ಕಾಯಿಸಲಿಲ್ಲ, ಅಮುಕಲಿಲ್ಲ. ಒಂದರ ನಡುವೆ ಭಾರ ಇಟ್ಟು, ಇನ್ನೊಂದನ್ನು ಅದರದೇ ಭಾರಕ್ಕೆ ಬಿಟ್ಟು, ವರ್ಷ ವರ್ಷವೂ ನಡು ಎಷ್ಟು ತಗ್ಗಿತು ಎಂದು ಅತಿ ಸೂಕ್ಷ್ಮವಾಗಿ ಅಳೆದರು. ಹತ್ತು ವರ್ಷದ ಫಲಿತಾಂಶ ಬಂತು, ಹದಿಮೂರು ವರ್ಷದ್ದು ಬಂತು, ಎರಡು ದಶಕ ದಾಟಿದ ಮೇಲೂ ಬರೆದರು. ಅವರನ್ನು ಹೆಚ್ಚು ಕಾಡಿದ್ದು ಗಾಳಿಯ ತೇವ. ಮಳೆಗಾಲದ ತೇವ ಹೀರಿದ ಗ್ರಾನೈಟ್ ಒಂದು ಬಗೆಯಾಗಿ, ಒಣ ಹವೆಯಲ್ಲಿ ಇನ್ನೊಂದು ಬಗೆಯಾಗಿ ಮಿಡಿಯುತ್ತಿತ್ತು. ಆ ಏರಿಳಿತದ ಎದುರು ನಿಜವಾದ ಬಾಗು ಬಹಳ ಸಣ್ಣದು. ತೇವದ ಪಾಲನ್ನು ಕಳೆದು ಉಳಿದದ್ದನ್ನು ನೋಡಿದಾಗ ತೊಲೆ ಬಾಗುತ್ತಲೇ ಇತ್ತು. ಕೋಣೆಯ ತಣ್ಣನೆಯ ಹವೆಯಲ್ಲಿಯೂ ಗ್ರಾನೈಟ್ ಪೂರ್ಣ ಸ್ಥಿರವಲ್ಲ ಎಂದು ಅವರು ವಾದಿಸಿದರು. ಉದ್ಯೋಗದ ಅರ್ಧ ಆಯುಷ್ಯವನ್ನು ಎರಡು ಕಲ್ಲುಗಳ ಪಕ್ಕದಲ್ಲಿ ಕಳೆದು, ಕೂದಲೆಳೆಗಿಂತ ಸಣ್ಣ ಅಂಕಿಗಾಗಿ ಕಾದ ಆ ಇಬ್ಬರ ಬಗ್ಗೆ ನನಗೆ ಇರುವುದು ಶುದ್ಧ ಗೌರವ.

ಇದನ್ನು ಕೇಳಿ ಲಕ್ಕುಂಡಿಯ ಗುಡಿಗಳ ತೊಲೆ ಬಾಗಿದೆಯೇ ಎಂದು ನೋಡಲು ಹೋಗಬೇಡಿ. ಸಾವಿರ ವರ್ಷ ಆ ಲೆಕ್ಕಕ್ಕೆ ಸಾಲದು. ಹಳೆಯ ಗುಡಿಗಳಲ್ಲಿ ತೊಲೆ ತಗ್ಗಿದ್ದು, ಬಿರಿದದ್ದು ಕಂಡರೆ ಕಾರಣ ಹೆಚ್ಚಾಗಿ ಅಡಿಪಾಯದ ಮಣ್ಣಿನಲ್ಲಿರುತ್ತದೆ. ನಮ್ಮ ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯ ದಾರಿ, ನಿಸರ್ಗ ಮಾಡಿ ಮುಗಿಸಿದ ಪ್ರಯೋಗವನ್ನು ಓದುವುದು. ಗದಗ ಜಿಲ್ಲೆ ಈ ಕಥೆಯಲ್ಲಿ ಬರುವುದು ಇಲ್ಲಿ. ಬಾಗಿದ ಕಲ್ಲು ಬಾಗುವ ಮೊದಲು ಹೇಗಿತ್ತು ಎಂದು ಗೊತ್ತಿದ್ದರೆ ಎಷ್ಟು ಬಾಗಿತು ಎಂದು ಹೇಳಬಹುದು. ಹಾಗಾಗಿ ಈ ಶಾಸ್ತ್ರದವರು ಹುಡುಕುವುದು ಮೂಲ ಆಕಾರ ಗೊತ್ತಿರುವ ವಸ್ತುಗಳನ್ನು. ಹಳೆಯ ಹೊಳೆಯ ಗುಂಡುಗಲ್ಲುಗಳು ಮರಳಿನಲ್ಲಿ ಹುದುಗಿ ಒಂದೇ ಬಂಡೆಯಾದ ಉಂಡೆಗಲ್ಲು ಶಿಲೆ ಅಂಥದು. ಹೊಳೆಯಲ್ಲಿ ಉರುಳಿದ ಕಲ್ಲು ಸುಮಾರಾಗಿ ಗುಂಡಗೆ ಇರುತ್ತದೆ. ಚಿತ್ರದುರ್ಗ ಜಿಲ್ಲೆಯ ತಾಳ್ಯದ ಬಂಡೆಗಳಲ್ಲಿ ಆ ಗುಂಡುಗಳು ಉದ್ದಕ್ಕೆ ಎಳೆದು, ಚಪ್ಪಟೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಗುಂಡಿನ ಉದ್ದ, ಅಗಲ, ದಪ್ಪಗಳ ಅನುಪಾತವನ್ನು ನೂರಾರು ಗುಂಡುಗಳಲ್ಲಿ ಅಳೆದರೆ ಇಡೀ ನೆಲ ಎಷ್ಟು ಒತ್ತಿಹೋಯಿತು ಎಂಬ ಲೆಕ್ಕ ಸಿಗುತ್ತದೆ. ಬ್ರಿಟನ್ನಿನ ಜಾನ್ ರ‍್ಯಾಮ್ಸೆ 1967ರಲ್ಲಿ ಬರೆದ ಪುಸ್ತಕದ ಮೂಲಕ ಈ ಲೆಕ್ಕದ ಗಣಿತ ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ತಲುಪಿತು. ಕಡಲಡಿಯ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತದೆ, ಅದೂ ಒಂದು ಅಳತೆಗೋಲು. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ಅಂಥ ದಿಂಬು ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಿದ್ದಾರೆ. ಗದಗದ ಶಿಲಾಪಟ್ಟಿ ಅದೇ ಚಿತ್ರದುರ್ಗ ಪಟ್ಟಿಯ ಉತ್ತರದ ತುದಿ. ಇಲ್ಲಿಯೂ ಉಂಡೆಗಲ್ಲು ಶಿಲೆ ಇದೆ, ಇಲ್ಲಿಯೂ ದಿಂಬು ಲಾವಾ ಇದೆ.

ಕಲ್ಲಿನ ಒಳಗೆ ನಡೆಯುವುದೇನು ಎಂಬುದನ್ನೂ ಹೇಳಿಬಿಡುತ್ತೇನೆ. ಇಡೀ ಹರಳು ಒಟ್ಟಿಗೆ ಸರಿಯುವುದಿಲ್ಲ. ಹರಳಿನೊಳಗೆ ಅಣುಗಳ ಸಾಲು ತಪ್ಪಿದ ಗೆರೆಗಳಿರುತ್ತವೆ. ಒತ್ತಡಕ್ಕೆ ಆ ಗೆರೆ ಒಂದೊಂದೇ ಸಾಲು ಮುಂದೆ ಜರುಗುತ್ತದೆ, ಹಿಂದೆ ಬಿಟ್ಟ ಅಣುಗಳು ಹೊಸ ನೆರೆಯವರೊಂದಿಗೆ ಕೂಡಿಕೊಳ್ಳುತ್ತವೆ. ಎಲ್ಲಿಯೂ ಬಿರುಕಿಲ್ಲ, ಆದರೂ ಹರಳಿನ ಆಕಾರ ಬದಲಾಗಿರುತ್ತದೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಲೋಹಗಳ ಬಗ್ಗೆ ಯೋಚಿಸುತ್ತ, ಬೇರೆ ಬೇರೆಯಾಗಿ, ಇದನ್ನು ಕಂಡುಕೊಂಡರು. ಇನ್ನೊಂದು ಬಗೆಯಲ್ಲಿ ನೀರಿನ ಪಾತ್ರ ದೊಡ್ಡದು: ಕಣದ ಮೇಲೆ ಒತ್ತಡ ಹೆಚ್ಚಿರುವ ಮುಖ ಕರಗುತ್ತದೆ, ಕರಗಿದ್ದು ಒತ್ತಡ ಕಡಿಮೆಯಿರುವ ಮುಖದಲ್ಲಿ ಮತ್ತೆ ಹರಳುಗಟ್ಟುತ್ತದೆ. ಹೀಗೆ ಕಣ ಒಂದು ಕಡೆ ಸವೆದು ಇನ್ನೊಂದು ಕಡೆ ಬೆಳೆದು, ಕೊನೆಗೆ ಒತ್ತಿಗೆ ಅಡ್ಡಲಾಗಿ ಮಲಗುತ್ತದೆ. ಅದರ ಜೊತೆಗೇ ಕ್ಲೋರೈಟ್, ಅಭ್ರಕದಂಥ ಹಾಳೆ ಹಾಳೆಯಾಗಿ ಬೆಳೆಯುವ ಖನಿಜಗಳೂ ಅದೇ ದಿಕ್ಕಿಗೆ ಸಾಲುಗಟ್ಟಿ ಬೆಳೆಯುತ್ತವೆ.

ಕಲ್ಲು ಒಡೆಯುವವರು ಇದನ್ನು ಎಳೆ ಎನ್ನುತ್ತಾರೆ. ಮುಂಡರಗಿ ಕಡೆಯ ಹಿರಿಯ ಕೆಲಸಗಾರರೊಬ್ಬರು ನನಗೆ ಹೇಳಿದ್ದು ಹೀಗೆ: “ಎಳಿ ನೋಡಿ ಉಳಿ ಇಡಬೇಕ್ರೀ ಸರ. ಎಳಿಗುಂಟ ಬಡಿದ್ರ ಹಾಳಿಯಂಗ ಏಳತೈತಿ. ಅಡ್ಡ ಬಡಿದ್ರ ಕಲ್ಲು ಮಾತು ಕೇಳಂಗಿಲ್ಲ.” ಶಿಲಾರಚನೆ ಅಭ್ಯಾಸ ಮಾಡುವ ವಿದ್ಯಾರ್ಥಿ ದಿಕ್ಸೂಚಿ ಹಿಡಿದು ಮೊದಲು ಬರೆದುಕೊಳ್ಳುವುದೂ ಇದೇ ಎಳೆಯ ದಿಕ್ಕನ್ನು ಮತ್ತು ಅದರ ಓರೆಯನ್ನು. ಕಪ್ಪತಗುಡ್ಡದ ಬಹುತೇಕ ಕಡೆ ಆ ದಿಕ್ಕು ಉತ್ತರಕ್ಕೆ ತುಸು ಪಶ್ಚಿಮ, ದಕ್ಷಿಣಕ್ಕೆ ತುಸು ಪೂರ್ವ. ಕೈಯಷ್ಟು ಚಿಕ್ಕ ಕಲ್ಲಿನಲ್ಲಿರುವ ಎಳೆಗೂ 63 ಕಿಲೋಮೀಟರಿನ ಗುಡ್ಡಕ್ಕೂ ಹೆಚ್ಚುಕಡಿಮೆ ಒಂದೇ ದಿಕ್ಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿಯೂ ಅದೇ.

ಕಣ್ಣಿಗೆ ಎಳೆ ಕಾಣದ ಕಲ್ಲುಗಳೂ ಇವೆ. ಗದಗದ ಲಾವಾ ಶಿಲೆಗಳು ಕೆಲವೆಡೆ ನೋಡಲು ನುಣುಪಾಗಿ, ಯಾವ ಗುರುತೂ ಇಲ್ಲದಂತಿವೆ. ಖರಗಪುರದ ಐಐಟಿಯ ಮನೀಷ್ ಮಾಮ್ತಾನಿ ಮತ್ತು ಅವರ ವಿದ್ಯಾರ್ಥಿಯಾಗಿದ್ದ ತ್ರಿದಿಬ್ ಕುಮಾರ್ ಮಂಡಲ್ ಇಂಥ ಕಲ್ಲುಗಳಿಂದ ಸಣ್ಣ ಉರುಳೆಗಳನ್ನು ಕೊರೆದು ತೆಗೆದು, ಆಯಸ್ಕಾಂತಕ್ಕೆ ಅವು ಯಾವ ದಿಕ್ಕಿನಲ್ಲಿ ಎಷ್ಟು ಸ್ಪಂದಿಸುತ್ತವೆ ಎಂದು ಅಳೆದರು. ಕಣಗಳು ಒಂದು ದಿಕ್ಕಿಗೆ ಸಾಲುಗಟ್ಟಿದ್ದರೆ ಆ ಸ್ಪಂದನವೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಕಣ್ಣು ಕಾಣದ ಎಳೆಯನ್ನು ಯಂತ್ರ ಕಂಡಿತು. ಅದೂ ಉತ್ತರ-ವಾಯವ್ಯಕ್ಕೇ ಮುಖ ಮಾಡಿತ್ತು.

ಅದೇ ಇಬ್ಬರು 2013ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ನನಗೆ ಈ ಗುಡ್ಡವನ್ನು ಬೇರೆ ರೀತಿಯಲ್ಲಿ ತೋರಿಸಿತು. ಕಪ್ಪತಗುಡ್ಡದ ಕಲ್ಲಿನಲ್ಲಿ ಬಿಳಿಯ ಬೆಣಚಿನ ಗೀರುಗಳನ್ನು ದನಗಾಹಿಗಳಿಂದ ಹಿಡಿದು ಎಲ್ಲರೂ ನೋಡಿರುತ್ತಾರೆ. ಕೆಲವು ಬೆರಳಗಲ, ಕೆಲವು ಗೇಣಗಲ. ಅವು ಯಾವ ಯಾವ ದಿಕ್ಕಿಗೆ ಎಷ್ಟು ಓರೆಯಾಗಿವೆ ಎಂದು ಸಂಶೋಧಕರು ಒಂದೊಂದನ್ನೂ ಅಳೆದು ಪಟ್ಟಿ ಮಾಡಿದರು. ಆಳದಲ್ಲಿ ಬಿಸಿನೀರು ಕಲ್ಲಿನ ಸಂದುಗಳಲ್ಲಿ ತುಂಬಿ, ಅದರ ಒತ್ತಡ ಒಂದು ಮಿತಿ ದಾಟಿದಾಗ ಕಲ್ಲು ಬಿರಿಯುತ್ತದೆ. ಬಿರಿದ ಕೂಡಲೇ ಒತ್ತಡ ಇಳಿಯುತ್ತದೆ, ನೀರಿನಲ್ಲಿ ಕರಗಿದ್ದ ಬೆಣಚು ಹರಳುಗಟ್ಟಿ ಬಿರುಕನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಒತ್ತಡ ಮತ್ತೆ ಏರುತ್ತದೆ. ಒತ್ತಡ ಕಡಿಮೆಯಿದ್ದಾಗ ಕೆಲವೇ ದಿಕ್ಕಿನ ಬಿರುಕುಗಳು ತೆರೆದುಕೊಳ್ಳಬಲ್ಲವು, ಬಹಳ ಹೆಚ್ಚಾದಾಗ ಹಲವು ದಿಕ್ಕಿನವೂ. ಗದಗದ ಗೀರುಗಳಲ್ಲಿ ಎರಡೂ ಬಗೆ ಸಿಕ್ಕವು. ಅಂದರೆ ಇಲ್ಲಿ ದ್ರವದ ಒತ್ತಡ ಏರುತ್ತ ಇಳಿಯುತ್ತ ಇತ್ತು. ನಿಧಾನದ ಬಾಗು ಒಂದು ಕಡೆ, ಆಗಾಗ ಹಠಾತ್ತನೆ ಬಿರಿಯುವುದು ಇನ್ನೊಂದು ಕಡೆ. ಎರಡೂ ಒಂದೇ ಗುಡ್ಡದಲ್ಲಿ, ಒಂದೇ ಕಾಲಘಟ್ಟದಲ್ಲಿ ನಡೆದಿವೆ. ಕಲ್ಲು ಹರಿಯುವುದು ಸದಾ ಶಾಂತವಾದ ಸಂಗತಿ ಎಂದುಕೊಂಡವರಿಗೆ ಕಪ್ಪತಗುಡ್ಡ ಅದನ್ನು ತಿದ್ದುತ್ತದೆ.

ಆ ಬಿಳಿ ಗೀರುಗಳಲ್ಲೇ ಬಂಗಾರವಿರುವುದು. ಒತ್ತಡ ಇಳಿದ ಕ್ಷಣದಲ್ಲಿ ಬೆಣಚಿನ ಜೊತೆಗೆ ಬಿಸಿನೀರು ಹೊತ್ತು ತಂದ ಬಂಗಾರವೂ ಕೆಳಗೆ ಕೂರುತ್ತದೆ. ಗುಡ್ಡ ಸವೆದಂತೆ ಅದು ಹಳ್ಳಗಳಿಗೆ ಇಳಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ ಬಂಗಾರದ ಬಗ್ಗೆ 1874ರಲ್ಲಿ ವರದಿ ಬರೆದರು. ಸೊರಟೂರು, ಡೋಣಿ ಕಡೆಯ ಹಳ್ಳಗಳ ಮರಳನ್ನು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದ ಜಾಲಗಾರರ ಬಗ್ಗೆ ಆ ವರದಿಯಲ್ಲಿದೆ. ಯಾವ ಹಳ್ಳದಲ್ಲಿ ಸಿಗುತ್ತದೆ, ಯಾವುದರಲ್ಲಿ ಇಲ್ಲ ಎಂಬ ಅವರ ಅರಿವೇ ಫೂಟ್ ಅವರಿಗೆ ಯಾವ ಬಗೆಯ ಕಲ್ಲಿನಿಂದ ಬಂಗಾರ ಬರುತ್ತಿದೆ ಎಂದು ಊಹಿಸಲು ದಾರಿಯಾಯಿತು. ಮುಂದೆ 1880ರ ದಶಕದಲ್ಲಿ ಇದೇ ಫೂಟ್ ಈ ಬಗೆಯ ಶಿಲೆಗಳಿಗೆಲ್ಲ ಧಾರವಾಡದ ಹೆಸರಿಟ್ಟರು. ಅಂದು ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಇಂದು ಆಸ್ಟ್ರೇಲಿಯಾದಲ್ಲಿ, ಕೆನಡಾದಲ್ಲಿ ಹಳೆಯ ಶಿಲೆಗಳನ್ನು ಓದುವವರೆಲ್ಲರ ಬಾಯಲ್ಲಿ ಧಾರವಾಡ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಕಬಲಾಯತಕಟ್ಟಿಯಂಥ ಕಡೆ ಗಣಿ ತೋಡಿದವು, ಬಹಳ ದಿನ ನಡೆಸಲಿಲ್ಲ.

ಕಾಲವನ್ನು ಹೇಳಿದ್ದೂ ಆ ಬಂಗಾರದ ನೆರೆಯಲ್ಲಿದ್ದ ಹರಳುಗಳೇ. ಬಿಸಿನೀರಿನಿಂದ ಬೆಳೆದ ಮೊನಜೈಟ್, ಜೆನೊಟೈಮ್ ಎಂಬ ಅತಿ ಸಣ್ಣ ಹರಳುಗಳಲ್ಲಿ ಯುರೇನಿಯಂ ಇರುತ್ತದೆ. ಅದು ಗೊತ್ತಿರುವ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯ ಡಿ. ಶ್ರೀನಿವಾಸ ಶರ್ಮ ಮತ್ತು ಸಂಗಡಿಗರು 2011ರಲ್ಲಿ ಈ ಶಿಲಾಪಟ್ಟಿಯ ಬಂಗಾರಕ್ಕೆ ಕೊಟ್ಟ ವಯಸ್ಸು ಸುಮಾರು 252 ಕೋಟಿ ವರ್ಷ. ಅದೇ ಹೊತ್ತಿಗೆ ಆಗ್ನೇಯದಲ್ಲಿ ರಾಮನಗರದ ಬೆಟ್ಟಗಳ ಗ್ರಾನೈಟ್ ಕೂಡ ಆಳದಿಂದ ಮೇಲೇರುತ್ತಿತ್ತು. ಕರ್ನಾಟಕದ ಎರಡು ಭೂಖಂಡಗಳು ಒಂದಕ್ಕೊಂದು ಒತ್ತಿ ಬೆಸೆದುಕೊಂಡ ಕಾಲ ಅದು. ಬೆಸುಗೆಯ ಗೆರೆಗೆ ಭೂವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ನಮ್ಮ ಊರಿದೆ: ಗದಗ-ಮಂಡ್ಯ ಪಲ್ಲಟ ವಲಯ. ಈ ವಲಯದಲ್ಲಿ ಕಲ್ಲು ಎರಡು ಕಡೆಗೆ ಎಳೆದುಹೋಗಿ, ಕಣಗಳು ಮತ್ತೆ ಮತ್ತೆ ಹರಳುಗಟ್ಟಿ ನುಣ್ಣಗಾಗಿವೆ. ಮಂಡ್ಯದವರೂ ಗದಗದವರೂ ಸಂಬಂಧಿಕರೆಂದು ಯಾರೂ ಎಣಿಸಿರಲಾರರು, ಆದರೆ ನೆಲದಡಿ ಇಬ್ಬರದೂ ಒಂದೇ ಗಾಯದ ಗೆರೆ.

ಆ ಒತ್ತು ನಿಂತು ಯುಗಗಳಾದವು. ಇಂದು ನಮ್ಮ ನೆಲ ಒಳಗೊಳಗೆ ಬಹುಮಟ್ಟಿಗೆ ನೆಮ್ಮದಿಯಾಗಿದೆ, ಆದರೆ ಒಟ್ಟಾಗಿ ಚಲಿಸುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ನಿಂತಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತದೆ. ಬೆಂಗಳೂರಿನ ಜೊತೆ ಗದಗವೂ, ಕಪ್ಪತಗುಡ್ಡವೂ. ಆ ನೂಕಿಗೆ ಇಂದು ಬಾಗುತ್ತಿರುವುದು ಹಿಮಾಲಯದ ಕಲ್ಲು. ಅಲ್ಲಿ ಹತ್ತಾರು ಕಿಲೋಮೀಟರ್ ಆಳದಲ್ಲಿ ಈಗ ನಡೆಯುತ್ತಿರುವುದನ್ನು ಕಣ್ಣಾರೆ ನೋಡಲು ಯಾರಿಗೂ ಸಾಧ್ಯವಿಲ್ಲ. ಮೇಲಿನ ಹೊದಿಕೆಯೆಲ್ಲ ಸವೆದು, ಒಂದು ಕಾಲದ ಆಳ ಇಂದು ನಮ್ಮ ಹೊಲದ ಬದುವಿನಲ್ಲಿ ಬಿಸಿಲಿಗೆ ಬಿದ್ದಿರುವುದರಿಂದ ಅಂಥದನ್ನು ಇಲ್ಲಿ ಮುಟ್ಟಿ ನೋಡಬಹುದು. ಗದಗದ ಹಳೆಯ ಕಲ್ಲಿನ ಬೆಲೆ ಇದು.

ಈ ಬೆಲೆಯ ಮಾತು ಎತ್ತಿದ ಮೇಲೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕು. ಕಪ್ಪತಗುಡ್ಡಕ್ಕಾಗಿ ಈ ಜಿಲ್ಲೆ ಹೋರಾಡಿದೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದದ್ದು 2016ರಲ್ಲಿ ರದ್ದಾದಾಗ, ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಸ್ವಾಮೀಜಿ ಅದನ್ನು ನೋಡಲು ಉಳಿಯಲಿಲ್ಲ. ಅಂದಿನ ಮಾತುಗಳಲ್ಲಿ ಸಸ್ಯಗಳಿದ್ದವು, ಮಳೆಯಿತ್ತು, ಪ್ರಾಣಿಗಳಿದ್ದವು, ಎದುರು ಬದಿಯಲ್ಲಿ ಬಂಗಾರವಿತ್ತು. ಎಲ್ಲವೂ ಸರಿಯಾದ ಕಾರಣಗಳೇ. ಕಲ್ಲಿನಲ್ಲಿ ಬರೆದಿರುವ ದಾಖಲೆಯ ಮಾತನ್ನು ಮಾತ್ರ ಆ ದಿನಗಳಲ್ಲಿ ನಾನು ಕೇಳಿದ ನೆನಪಿಲ್ಲ. ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕು: ಲಾಲ್‌ಬಾಗಿನ ಬಂಡೆ, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪ, ಮರಡಿಹಳ್ಳಿ, ಕೋಲಾರದ ಪೆದ್ದಪಲ್ಲಿ. ಫೂಟ್ ಅವರ ಕಾಲದಿಂದ ಒಂದೂವರೆ ಶತಮಾನ ಓದಿಸಿಕೊಂಡ ಗದಗದ ಕಲ್ಲಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ವನ್ಯಜೀವಿಧಾಮದ ಗಡಿಯೊಳಗಿನದು ಹೇಗೂ ಉಳಿದೀತು. ನನ್ನ ಚಿಂತೆ ಗಡಿಯ ಹೊರಗಿನದು: ರಸ್ತೆ ಅಗಲಿಸುವಾಗ ಕಡಿದ ದಿಬ್ಬ, ಜಲ್ಲಿ ಒಡೆಯುವ ಕ್ವಾರಿಯ ಗೋಡೆ, ಹೊಲದ ಅಂಚಿನ ಗುಂಡು. ಒಳ್ಳೆಯ ಮಡಿಕೆ ಒಂದು ಗೋಡೆಯಲ್ಲಿ ಕಂಡರೆ ಮರುವರ್ಷ ಅದು ಜಲ್ಲಿಯಾಗಿ ಯಾವುದೋ ಊರಿನ ರಸ್ತೆಯಡಿ ಇರುತ್ತದೆ. ರಸ್ತೆ ಬೇಡವೆಂದು ನಾನು ಹೇಳಲಾರೆ. ಆದರೆ ಶಿರಹಟ್ಟಿ, ಮುಂಡರಗಿ, ಗದಗ ತಾಲ್ಲೂಕುಗಳಲ್ಲಿ ಎರಡೆರಡು ಕಡೆಯಾದರೂ ಚೆನ್ನಾಗಿ ಓದಲು ಬರುವ ಬಂಡೆಯನ್ನು ಗುರುತಿಸಿ, ಬೇಲಿ ಹಾಕಿ, ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ ನಿಲ್ಲಿಸಲು ಆಗುವ ಖರ್ಚು ಬಹಳ ಕಡಿಮೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರು ಈ ಗುಡ್ಡವನ್ನು ದಶಕಗಳಿಂದ ಬಲ್ಲವರು, ಯಾವ ಬಂಡೆ ಎಂದು ಅವರು ತೋರಿಸಬಲ್ಲರು.

ಫಲಕಕ್ಕೆ ಕಾಯದೆ ಮಾಡಬಹುದಾದ ಕೆಲಸವೂ ಇದೆ, ಪ್ರೌಢಶಾಲೆಯ ಮಕ್ಕಳೇ ಮಾಡಬಹುದು. ಡೋಣಿ ಕಡೆಯಿಂದಾಗಲಿ, ಸೊರಟೂರು ಕಡೆಯಿಂದಾಗಲಿ ಗುಡ್ಡದ ಬುಡಕ್ಕೆ ಹೋಗಿ ಒಂದು ಬಂಡೆಯ ಮುಂದೆ ನಿಲ್ಲಿ. ಮೊಬೈಲಿನಲ್ಲಿ ದಿಕ್ಸೂಚಿ ಇದೆ, ಓರೆ ಅಳೆಯುವ ಸಾಧನವೂ ಅದರಲ್ಲೇ ಸಿಗುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಪಟ್ಟೆಯ ಕಲ್ಲಿನ ಹತ್ತಿರ ದಿಕ್ಸೂಚಿ ದಾರಿ ತಪ್ಪಬಹುದು, ಅಲ್ಲಿಂದ ತುಸು ದೂರ ಸರಿಯಿರಿ. ಮೊದಲು ಎಳೆಯ ದಿಕ್ಕು ಬರೆದುಕೊಳ್ಳಿ. ಆಮೇಲೆ ಬಿಳಿ ಗೀರುಗಳನ್ನು ಒಂದೊಂದಾಗಿ ಹಿಡಿದು ಯಾವ ದಿಕ್ಕಿಗಿದೆ, ಎಷ್ಟು ಓರೆಯಾಗಿದೆ, ಎಷ್ಟು ಅಗಲ ಎಂದು ಪಟ್ಟಿ ಮಾಡಿ. ಒಂದು ಗೀರು ಇನ್ನೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು, ಅದನ್ನೂ ಬರೆಯಿರಿ. ಕಲ್ಲು ಕೀಳುವುದು ಬೇಡ. ಐವತ್ತು ಗೀರುಗಳಾದರೆ ಸಾಕು, ಗಣಿತದ ಮೇಷ್ಟ್ರು ಅವನ್ನು ದಿಕ್ಕಿನ ಚಕ್ರದ ಮೇಲೆ ಬಿಡಿಸಿ ತೋರಿಸಲಿ. ಚಕ್ರದಲ್ಲಿ ಒಂದೇ ಕಡೆ ಗುಂಪಾದವೇ, ಎಲ್ಲ ಕಡೆ ಹರಡಿದವೇ ಎಂದು ನೋಡಿ, ಅದರಿಂದ ಆಳದ ನೀರಿನ ಒತ್ತಡ ಕಡಿಮೆಯಿತ್ತೇ ಹೆಚ್ಚಿತ್ತೇ ಎಂದು ಮಕ್ಕಳೇ ವಾದ ಮಾಡಲಿ.